ಉಪ್ಪು, ಮಂಜುಗಡ್ಡೆ ಮತ್ತು ಮಾವಿನ ಹಣ್ಣು

(ಸಂಘದ ಬೇಸಿಗೆಯ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವೈದ್ಯರು ಐಸ್‌ಕ್ರೀಮಿನ ಬಗ್ಗೆ ಮಾತನಾಡಲು ನಿಂತರೆ ‘ತಿನ್ನಬೇಡಿ’ ಎಂದೇ ಹೇಳುವರೆಂದು ಸಭಿಕರು ಭಾವಿಸುವುದು ಸಹಜ. ನಮ್ಮ ಉದ್ದೇಶ ಅದಲ್ಲ. ಮನೆಯಲ್ಲಿ ಮಾಡುವ ಮಾವಿನ ಐಸ್‌ಕ್ರೀಮಿನ ಹಿಂದೆ, ನಾವು ನೆಲೆಸಿರುವ ಈ ಮ್ಯಾಸಚೂಸೆಟ್ಸನ್ನೂ ನಾವು ಬಿಟ್ಟುಬಂದ ದೇಶವನ್ನೂ ಬೆಸೆದ ಒಂದು ಇತಿಹಾಸವಿದೆ. ಅದನ್ನು ತಮ್ಮ ಮುಂದೆ ನಿವೇದಿಸುವುದೇ ನಮ್ಮ ಆಶಯ.

ತಂಪು ಮಾಡುವ ವಿದ್ಯೆ ಭಾರತಕ್ಕೆ ಆಂಗ್ಲರೊಡನೆ ಬಂದಿತೆಂಬುದು ಸರಿಯಲ್ಲ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ತನ್ನ ‘ಐನ್-ಇ-ಅಕ್ಬರಿ’ಯಲ್ಲಿ ಪೆಟ್ಲುಪ್ಪಿನಿಂದ ನೀರನ್ನು ತಣ್ಣಗಾಗಿಸುವ ಕ್ರಮವನ್ನು ದಾಖಲಿಸಿದ್ದಾನೆ. ಒಂದು ಸೇರು ನೀರಿರುವ ಮುಚ್ಚಿದ ಪಾತ್ರೆಯನ್ನು, ಎರಡೂವರೆ ಸೇರು ಪೆಟ್ಲುಪ್ಪು ಬೆರೆತ ಐದು ಸೇರು ನೀರಿನಲ್ಲಿ ಕಾಲು ಗಂಟೆ ಆಡಿಸಬೇಕು. ಉಪ್ಪು ಕರಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆಂಬ ಅನುಭವಜ್ಞಾನ ಅಲ್ಲಿದೆ. ನೀರು ತಂಪಾಗುತ್ತಿತ್ತು, ಆದರೆ ಹಾಲು, ಹಣ್ಣು ಗಟ್ಟಿಯಾಗಬೇಕಾದರೆ ಮಂಜುಗಡ್ಡೆಯೇ ಬೇಕು.

ಆ ಮಂಜುಗಡ್ಡೆ ಹೊರಟದ್ದು ಇಲ್ಲಿಂದ. 1833ರ ಮೇ ತಿಂಗಳಲ್ಲಿ ಬಾಸ್ಟನ್ನಿನಿಂದ ‘ಟಸ್ಕನಿ’ ಎಂಬ ಹಡಗು ಕಲ್ಕತ್ತೆಗೆ ಪ್ರಯಾಣ ಬೆಳೆಸಿತು. ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಅದರಲ್ಲಿ ಹೇರಿದ್ದು ಚಳಿಗಾಲದಲ್ಲಿ ಇಲ್ಲಿ ಕೊಯ್ದಿಟ್ಟಿದ್ದ 180 ಟನ್ ಮಂಜುಗಡ್ಡೆ. ಸೆಪ್ಟೆಂಬರಿನಲ್ಲಿ ಹಡಗು ಕಲ್ಕತ್ತೆ ಸೇರಿದಾಗ ಸುಮಾರು 100 ಟನ್ ಕರಗದೆ ಉಳಿದಿತ್ತು! 1842ರಲ್ಲಿ ಮದರಾಸಿನ ಕಡಲತೀರದಲ್ಲಿಯೂ ಐಸ್ ಹೌಸ್ ಎದ್ದು ನಿಂತಿತು. 1897ರಲ್ಲಿ ಅಮೆರಿಕದಿಂದ ಹಿಂದಿರುಗಿದ ಸ್ವಾಮಿ ವಿವೇಕಾನಂದರು ತಂಗಿದ್ದು ಅದೇ ಕಟ್ಟಡದಲ್ಲಿ. ಅಷ್ಟರಲ್ಲಿ ಯಂತ್ರಗಳೇ ಮಂಜುಗಡ್ಡೆ ತಯಾರಿಸುತ್ತಿದ್ದವು. ಟ್ಯೂಡರನ ವ್ಯಾಪಾರ ಕರಗಿಹೋಗಿತ್ತು.

ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಫಿಲಡೆಲ್ಫಿಯಾದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ 1843ರಲ್ಲಿ ಪೇಟೆಂಟ್ ಪಡೆದರು. ಮರದ ತೊಟ್ಟಿ, ನಡುವೆ ಲೋಹದ ಡಬ್ಬಿ, ಅದರೊಳಗೆ ಕಡೆಯುವ ಅಲಗು, ಮೇಲೆ ಹಿಡಿಕೆ. ಮಂಜುಗಡ್ಡೆಯೊಂದೇ ಸೊನ್ನೆ ಡಿಗ್ರಿಗಿಂತ ಕೆಳಗೆ ತಂಪು ನೀಡದು. ಸಕ್ಕರೆ ಬೆರೆತ ಹಾಲು ಸೊನ್ನೆಯಲ್ಲಿ ಹೆಪ್ಪುಗಟ್ಟದು. ಮೂರು ಪಾಲು ಮಂಜುಗಡ್ಡೆಗೆ ಒಂದು ಪಾಲು ಉಪ್ಪು ಬೆರೆಸಿದರೆ ಮಿಶ್ರಣವು ಸೊನ್ನೆಗಿಂತ ಸುಮಾರು 21 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಬಲ್ಲದು. ನಿಲ್ಲಿಸದೆ ತಿರುಗಿಸಿದರೆ ಹರಳುಗಳು ದೊಡ್ಡವಾಗದೆ ನಯವಾಗುತ್ತವೆ.

ಮೈಸೂರಿನಲ್ಲಿ ನಮ್ಮ ಸೋದರಮಾವನವರ ಮನೆಯಲ್ಲಿ ಇಂತಹುದೇ ಒಂದು ತೊಟ್ಟಿಯಿತ್ತು. ಗೋಣಿಚೀಲದಲ್ಲಿ ಸುತ್ತಿ ತಂದ ಮಂಜುಗಡ್ಡೆಯನ್ನು ಕುಟ್ಟಿ, ಕಲ್ಲುಪ್ಪು ಸುರಿದು, ಕಾಯಿಸಿ ಆರಿಸಿದ ಹಾಲಿಗೆ ರಸಪುರಿ ಮಾವಿನ ರಸ ಬೆರೆಸಿ, ಮಕ್ಕಳೆಲ್ಲ ಸರದಿಯಂತೆ ಹಿಡಿಕೆ ತಿರುಗಿಸುತ್ತಿದ್ದೆವು. ಹಿಡಿಕೆ ಬಿಗಿಯಾಗಿ ನಮ್ಮ ತೋಳು ಸೋತಾಗ ಮಾವ ಕೈಹಚ್ಚುತ್ತಿದ್ದರು. ಒಮ್ಮೆ ಮುಚ್ಚಳ ಸಡಿಲವಾಗಿ ಉಪ್ಪುನೀರು ಒಳಗೆ ಸೇರಿತು. ನಮ್ಮ ಅಳುಮುಖ ನೋಡಿ ಅಜ್ಜಿ, “ಇದಕ್ಕೆ ಮೆಣಸಿನಕಾಯಿ ಒಂದು ಬಿದ್ದರೆ ಉಪ್ಪಿನಕಾಯಿ ಆಯಿತು ಕಣ್ರೋ” ಎಂದು ನಗಿಸಿದ್ದರು.

ವೈದ್ಯರಾಗಿ ಒಂದೇ ಮಾತು. ಶೀತಲತೆ ರೋಗಾಣುವನ್ನು ಕೊಲ್ಲದು, ಮಲಗಿಸುತ್ತದೆ ಅಷ್ಟೆ. 1994ರಲ್ಲಿ ಈ ದೇಶದಲ್ಲಿ ಹಸಿ ಮೊಟ್ಟೆ ಸಾಗಿಸಿದ್ದ ಟ್ಯಾಂಕರುಗಳಲ್ಲಿ ಐಸ್‌ಕ್ರೀಮಿನ ಮಿಶ್ರಣವನ್ನೂ ಸಾಗಿಸಿದ್ದರಿಂದ ಸುಮಾರು 2,24,000 ಜನ ಸಾಲ್ಮೊನೆಲ್ಲಾ ಸೋಂಕಿಗೆ ತುತ್ತಾದರೆಂದು ಅಂದಾಜಿಸಲಾಯಿತು. ಮನೆಯಲ್ಲಿ ಮಾಡುವಾಗ ಹಸಿ ಮೊಟ್ಟೆ ಬೇಡ. ಹಾಲನ್ನು ಕುದಿಸುವ ನಮ್ಮ ಅಜ್ಜಿಯರ ಪದ್ಧತಿ ಇಲ್ಲಿಯೂ ಯೋಗ್ಯವೇ. ಅನಾನಸನ್ನು ಮಾತ್ರ ಬೇಯಿಸಿ ಸೇರಿಸಿ. ಹಸಿಯಾಗಿದ್ದರೆ ಅದರ ಕಿಣ್ವ ಹಾಲನ್ನು ಕಹಿಯಾಗಿಸುತ್ತದೆ.

ಇಲ್ಲಿನ ಮಂಜುಗಡ್ಡೆ ಒಮ್ಮೆ ಅಲ್ಲಿಗೆ ಹೋಯಿತು. ಅಲ್ಲಿನ ನಾವು ಇಲ್ಲಿಗೆ ಬಂದೆವು. ದಾರಿಯಲ್ಲಿ ನಮ್ಮದೂ ಸ್ವಲ್ಪ ಕರಗಿದೆ: ಕೆಲವು ಮಾತು, ಕೆಲವು ಹಬ್ಬ. ಉಳಿದದ್ದನ್ನು ಕಾಯಬೇಕಾದರೆ ಮಕ್ಕಳ ಕೈಗೆ ಹಿಡಿಕೆಯನ್ನು ಕೊಡಬೇಕು. ಅಂಗಡಿಯ ಡಬ್ಬಿಯನ್ನು ತೆರೆಯುವಾಗ ಯಾರೂ ಯಾರೊಡನೆಯೂ ಮಾತನಾಡಬೇಕಾಗಿಲ್ಲ. ಅರ್ಧ ಗಂಟೆ ಹಿಡಿಕೆ ತಿರುಗಿಸುವಾಗ ಕನ್ನಡದಲ್ಲಿ ಒಂದು ಕಥೆಯನ್ನು ಹೇಳಿ ಮುಗಿಸಬಹುದು.