ಸೇರು, ಪಾವು, ನೆಬುಕಡ್ನೆಜರ್

ದ್ರಾಕ್ಷಾರಸದ ಬಾಟಲಿಗಳಿಗೆ ಯೂರೋಪಿನವರು ಇಟ್ಟ ಹೆಸರುಗಳನ್ನು ನೀವು ಕೇಳಿದ್ದೀರಾ? ಸಾಮಾನ್ಯ ಬಾಟಲಿ 750 ಮಿಲಿಲೀಟರ್. ಅದರ ಎರಡರಷ್ಟು ಮ್ಯಾಗ್ನಮ್, ನಾಲ್ಕರಷ್ಟು ಜೆರೊಬೋಮ್, ಎಂಟರಷ್ಟು ಮೆಥುಸೆಲಾ, ಇಪ್ಪತ್ತರಷ್ಟು ನೆಬುಕಡ್ನೆಜರ್. ಕೊನೆಯ ಮೂರೂ ಬೈಬಲಿನ ಹೆಸರುಗಳು. ಹೆಸರು ಒಂದೇ ಆದರೂ ಅಳತೆ ಒಂದೇ ಅಲ್ಲ: ಶಾಂಪೇನ್ ಸೀಮೆಯ ಜೆರೊಬೋಮ್ 3 ಲೀಟರ್, ಬೋರ್ಡೋ ಸೀಮೆಯದು ಅದಕ್ಕಿಂತ ದೊಡ್ಡದು.

ಇದನ್ನು ಓದಿ ನಗಬೇಡಿ. ನಮ್ಮ ಸೇರಿನ ಕಥೆಯೂ ಇದೇ. ತೂಕದ ಪಕ್ಕಾ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿ ತೂಕ, ಸುಮಾರು 280 ಗ್ರಾಂ. ಕಾಳು ಅಳೆಯುವ ಸೇರು ಮತ್ತೆ ಬೇರೆ; ಅದು ತೂಕವಲ್ಲ, ಗಾತ್ರ.

ಮಲಪ್ರಭೆಯ ದಂಡೆಯ ಮುನವಳ್ಳಿಯಂಥ ಊರಿನಲ್ಲಿ, ಜೋಳ ಕಡಲೆ ಬೆಳೆಯುವ ಎರೆನೆಲದಲ್ಲಿ, ಕೂಲಿಯನ್ನೂ ಸಾಲವನ್ನೂ ಕಾಳಿನಲ್ಲೇ ಅಳೆದು ಕೊಡುತ್ತಿದ್ದ ಕಾಲವಿತ್ತು. ಸೇರಿನ ಅರ್ಧ ಅಚ್ಚೇರು, ಅದರರ್ಧ ಪಾವು, ಅದರರ್ಧ ಅರ್ಧಪಾವು, ಅದರರ್ಧ ಚಟಾಕು. ಪ್ರತಿ ಹೆಜ್ಜೆಯಲ್ಲೂ ಎರಡರಿಂದ ಭಾಗಾಕಾರ. ಇದು ಅಜ್ಞಾನವಲ್ಲ, ಜಾಣತನ. ಸಮನಾದ ಎರಡು ಪಾತ್ರೆಗಳಿದ್ದರೆ ಕಾಳನ್ನು ಅರ್ಧ ಮಾಡಲು ಯಾವ ಮಾಪಕವೂ ಬೇಡ. ಹತ್ತು ಸಮಪಾಲು ಮಾಡಿ ನೋಡಿ, ಕಷ್ಟ ತಿಳಿಯುತ್ತದೆ. ಇನ್ನೊಂದು ಸ್ವಾರಸ್ಯ: ಒಂದೇ ಆಕಾರದ ಪಾತ್ರೆಗಳಾದರೆ, ಸೇರು ಚಟಾಕಿನ ಹದಿನಾರರಷ್ಟು ಹಿಡಿದರೂ ಅದರ ಎತ್ತರ ಕೇವಲ ಎರಡೂವರೆ ಪಟ್ಟು. ಏಕೆಂದರೆ 16ರ ಘನಮೂಲ ಸುಮಾರು 2.52.

ಆದರೆ ಕಾಳು ನೀರಲ್ಲ. ಅದು ಪಾತ್ರೆಯ ಬಾಯಿಯ ಮೇಲೂ ಶಂಕುವಿನಂತೆ ನಿಲ್ಲುತ್ತದೆ. ಕೊಡುವಾಗ ಬಾಯಿಮಟ್ಟಕ್ಕೆ ಸವರಿ ಕೊಟ್ಟು, ಮರಳಿ ಪಡೆಯುವಾಗ ರಾಶಿ ಏರಿಸಿ ಅಳೆದುಕೊಂಡರೆ ಎಷ್ಟು ವ್ಯತ್ಯಾಸ? ರಾಶಿಯ ಇಳಿಜಾರು 30 ಡಿಗ್ರಿ ಎಂದಿಟ್ಟುಕೊಳ್ಳೋಣ. ಎತ್ತರವೂ ವ್ಯಾಸವೂ ಸಮನಾದ ಸಿಲಿಂಡರಿನಲ್ಲಿ ಮೇಲಿನ ಶಂಕು ಪಾತ್ರೆಯ ಶೇಕಡ 10ರಷ್ಟು. ಎತ್ತರವು ತ್ರಿಜ್ಯದಷ್ಟೇ ಇರುವ ಅಗಲಬಾಯಿಯ ಪಾತ್ರೆಯಲ್ಲಿ ಶೇಕಡ 19! ಎರಡೂ ಪಾತ್ರೆಗಳು ನೀರು ಹಿಡಿಯುವುದು ಒಂದೇ ಸೇರು ಆಗಿರಬಹುದು. ಆದರೆ ಹತ್ತು ಸೇರು ತೀರಿಸುವಾತ ಎರಡನೆಯದರಲ್ಲಿ ಹೆಚ್ಚುಕಡಿಮೆ ಎರಡು ಸೇರು ಹೆಚ್ಚು ಕೊಟ್ಟಿರುತ್ತಾನೆ. ಬಡ್ಡಿ ಬೇರೆ. ಅಳೆಯುವಾಗ ಪಾತ್ರೆಯನ್ನು ಕುಲುಕಿದರೆ ಕಾಳಿನ ನಡುವಣ ಸಂದು ತುಂಬಿ ಇನ್ನಷ್ಟು ಹಿಡಿಯುತ್ತದೆ. ಲೆಕ್ಕ ಬಾರದವನಿಗೆ ಇದನ್ನು ಪ್ರಶ್ನಿಸುವ ದಾರಿಯೇ ಇರಲಿಲ್ಲ.

1956ರ ತೂಕ ಮತ್ತು ಅಳತೆ ಮಾನಕಗಳ ಕಾಯ್ದೆಯ ನಂತರ, 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬಂದಿತು. ಲೀಟರು ಬಂದುದಕ್ಕಿಂತ, ಕಾಳನ್ನು ತೂಗಿ ಮಾರುವ ರೂಢಿ ಬಲವಾದುದೇ ದೊಡ್ಡ ಲಾಭವೆಂದು ನನ್ನ ಅಭಿಪ್ರಾಯ. ತಕ್ಕಡಿಗೆ ಪಾತ್ರೆಯ ಬಾಯಿಯ ಅಗಲ ಲೆಕ್ಕಕ್ಕಿಲ್ಲ.

ಅಂದಹಾಗೆ, ಇಂದಿನ ಬಾಟಲಿಯಲ್ಲೂ ಹೆಸರು ಅಳತೆಯನ್ನು ಮೀರಿದೆ: ‘ಕ್ವಾರ್ಟರ್’ ಎಂಬುದು 180 ಮಿಲಿಲೀಟರ್; ನಾಲ್ಕು ಸೇರಿದರೆ 720, 750 ಅಲ್ಲ.

ಶಿಕ್ಷಕರೇ, ಸಮಾನ ಗಾತ್ರದ ಎರಡು ಡಬ್ಬಿ, ಒಂದು ಉದ್ದನೆಯದು, ಒಂದು ಅಗಲದ್ದು, ಆರಿಸಿ ತರಗತಿಗೆ ತನ್ನಿ. ಎರಡರಲ್ಲೂ ಜೋಳವನ್ನು ರಾಶಿ ಏರಿಸಿ, ಮಟ್ಟ ಸವರಿ, ಸವರಿದ ಕಾಳನ್ನಷ್ಟೇ ತೂಗಿಸಿರಿ. ಕಡಲೆಯಿಂದಲೂ ಮಾಡಿಸಿ, ಇಳಿಜಾರಿನ ಕೋನ ಬದಲಾಗುವುದು ಕಾಣುತ್ತದೆ.