ಸ್ಕಾಲರ್‌ಶಿಪ್ ಎಂದರೆ ಬರೀ ಹಣವಲ್ಲ: ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕಾಲೇಜು ವಿದ್ಯಾರ್ಥಿಗಳಿಗೆ ಇರುವ ದಾರಿಗಳಿವು

ಹನ್ನೆರಡನೇ ತರಗತಿ ಫಲಿತಾಂಶ ಬಂದ ಮೇಲೆ ಮುಂಬೈ ಮತ್ತು ಉಪನಗರಗಳ ಕನ್ನಡ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸಮಾರಂಭಗಳು ಶುರುವಾಗುತ್ತವೆ. ವಿದ್ಯಾರ್ಥಿ ವೇದಿಕೆ ಹತ್ತುತ್ತಾನೆ, ಶಾಲು, ಪ್ರಮಾಣಪತ್ರ, ಒಂದು ಲಕೋಟೆ ಪಡೆದು ಫೋಟೊಗೆ ನಿಂತು ಇಳಿಯುತ್ತಾನೆ. ಲಕೋಟೆಯ ಹಣ ಪುಸ್ತಕಕ್ಕೋ, ಲೋಕಲ್ ರೈಲಿನ ಪಾಸಿಗೋ ಆಗುತ್ತದೆ. ಒಳ್ಳೆಯ ಕೆಲಸವೇ. ಆದರೆ ಆ ವಿದ್ಯಾರ್ಥಿಗೂ ಕೊಟ್ಟವರಿಗೂ ನಡುವಿನ ಸಂಬಂಧ ಬಹುಪಾಲು ಅಲ್ಲಿಗೇ ಮುಗಿಯುತ್ತದೆ.

ಕಾಲೇಜು ಮಟ್ಟದ 'ಸ್ಕಾಲರ್ಸ್ ಪ್ರೋಗ್ರಾಂ' ಎನ್ನುವುದು ಬೇರೆಯದೇ ವ್ಯವಸ್ಥೆ. ಅಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ ಒಬ್ಬ ಮಾರ್ಗದರ್ಶಕ ಸಿಗುತ್ತಾರೆ. ಮಾಡಿ ಮುಗಿಸಬೇಕಾದ ಒಂದು ಪ್ರಾಜೆಕ್ಟ್, ಅದನ್ನು ಬರೆದು ನಾಲ್ಕು ಜನರ ಮುಂದೆ ವಿವರಿಸುವ ಹೊಣೆ, ತನ್ನಂಥದೇ ಕುತೂಹಲವಿರುವ ಗೆಳೆಯರು ಸಿಗುತ್ತಾರೆ. ಹಣವೂ ಇರುತ್ತದೆ, ಆದರೆ ಅದು ಎರಡನೆಯದು. ಠಾಣೆಯಿಂದ ಕಲ್ಯಾಣದವರೆಗೆ ಮತ್ತು ಖಾಡಿಯ ಆಚೆಯ ನವಿ ಮುಂಬೈನಲ್ಲಿ ಓದುತ್ತಿರುವ ಮಕ್ಕಳ ಕೈಗೆಟಕುವ ದೂರದಲ್ಲೇ ಇಂಥ ಹಲವು ಅವಕಾಶಗಳಿವೆ. ಸುದ್ದಿ ಮಾತ್ರ ಮನೆಗಳಿಗೆ ತಲುಪುವುದಿಲ್ಲ.

ರಾತ್ರಿ ಶಾಲೆಯ ನೆನಪು

ಮುಂಬೈ ಕನ್ನಡಿಗರಿಗೆ ಇದು ಪೂರ್ತಿ ಹೊಸ ವಿಷಯವೇನಲ್ಲ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಬ್ಯಾಂಕು, ಕಚೇರಿ, ವಕೀಲಿ ವೃತ್ತಿಗೆ ಏರಿದ ಕತೆ ಇಲ್ಲಿನ ಅನೇಕ ಮನೆಗಳದ್ದು. ಆ ಶಾಲೆಗಳು ಕೊಟ್ಟಿದ್ದು ಪಾಠವನ್ನಷ್ಟೇ ಅಲ್ಲ. ಹಗಲಿಡೀ ದುಡಿದು ಬಂದ ಹುಡುಗನನ್ನು ಹೆಸರು ಹಿಡಿದು ಕರೆಯುವ ಮೇಷ್ಟ್ರು ಅಲ್ಲಿದ್ದರು, ಮುಂದೇನು ಓದಬೇಕೆಂದು ಹೇಳುವ ಹಿರಿಯರಿದ್ದರು. ಈಗ ಆ ಕುಟುಂಬಗಳ ಮೂರನೇ ತಲೆಮಾರು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದೆ. ಸೌಲಭ್ಯ ಹೆಚ್ಚಿದೆ, ಆದರೆ ಆ ಬಗೆಯ ಒಡನಾಟ ಕಡಿಮೆಯಾಗಿದೆ. ನೂರಕ್ಕೂ ಹೆಚ್ಚು ಮಕ್ಕಳು ಕೂರುವ ಬಿಕಾಂ ತರಗತಿಯಲ್ಲಿ ಯಾರ ಹೆಸರು ಯಾರಿಗೆ ಗೊತ್ತಿರುತ್ತದೆ?

ತುಮಕೂರಿನಿಂದ ಟ್ರಾಂಬೆಗೆ

ಇದಕ್ಕೆ ಒಂದು ದೊಡ್ಡ ಉದಾಹರಣೆ ಕನ್ನಡ ನಾಡಿನಿಂದಲೇ ಸಿಗುತ್ತದೆ. ತುಮಕೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪಿಎಚ್‌ಡಿ ಮಾಡಿದ್ದು ಟಾಟಾ ಸ್ಕಾಲರ್ ಆಗಿ. ಜೆಮ್ಶೆಡ್‌ಜಿ ಟಾಟಾ 1892ರಲ್ಲಿ ಆರಂಭಿಸಿದ ಜೆ.ಎನ್. ಟಾಟಾ ಎಂಡೋಮೆಂಟ್ ಈಗಲೂ ಮುಂಬೈನಿಂದಲೇ ನಡೆಯುತ್ತದೆ. ಅದು ದಾನವಲ್ಲ, ಸಾಲದ ರೂಪದ ವಿದ್ಯಾರ್ಥಿವೇತನ. ಓದಿ ನೆಲೆ ಕಂಡವರು ಹಿಂದಿರುಗಿಸಿದ ಹಣ ಮುಂದಿನವರಿಗೆ ಹೋಗುತ್ತದೆ.

ಪಿಎಚ್‌ಡಿ ಮುಗಿಸಿ 1949ರಲ್ಲಿ ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದ ರಾಮಣ್ಣ ಮುಂದೆ ಟ್ರಾಂಬೆಯಲ್ಲಿ 1957ರಲ್ಲಿ ಶುರುವಾದ ತರಬೇತಿ ಶಾಲೆಯನ್ನು ಕಟ್ಟಿ ಬೆಳೆಸಿದರು. ಇಂದಿನ ಬಾರ್ಕ್ ಟ್ರೈನಿಂಗ್ ಸ್ಕೂಲ್ ಅದೇ. ಎಂಜಿನಿಯರಿಂಗ್ ಪದವೀಧರರನ್ನು, ವಿಜ್ಞಾನದ ಸ್ನಾತಕೋತ್ತರರನ್ನು ಆರಿಸಿ, ಸ್ಟೈಪೆಂಡ್ ಕೊಟ್ಟು ಒಂದು ವರ್ಷ ಕಲಿಸಿ, ಉತ್ತೀರ್ಣರಾದವರನ್ನು ವೈಜ್ಞಾನಿಕ ಅಧಿಕಾರಿಗಳಾಗಿ ತೆಗೆದುಕೊಳ್ಳುವ ಪದ್ಧತಿ ಅಲ್ಲಿ ಇವತ್ತಿಗೂ ನಡೆದಿದೆ. ಸ್ಕಾಲರ್‌ಶಿಪ್ ಪಡೆದ ಹುಡುಗ ಮುಂದೆ ಸಾವಿರಾರು ಮಂದಿಯನ್ನು ಬೆಳೆಸುವ ವ್ಯವಸ್ಥೆ ಕಟ್ಟಿದ್ದು ವಾಶಿಯಿಂದ ಖಾಡಿ ದಾಟಿದರೆ ಸಿಗುವ ಜಾಗದಲ್ಲಿ.

ವಾಶಿಯ ಪಕ್ಕದ ನಿಲ್ದಾಣದಲ್ಲೇ ಇದೆ ಎನ್‌ಐಯುಎಸ್

ಹಾರ್ಬರ್ ಮಾರ್ಗದಲ್ಲಿ ವಾಶಿಯಿಂದ ಮುಂಬೈ ಕಡೆಗೆ ಹೋದರೆ ಮೊದಲು ಸಿಗುವ ನಿಲ್ದಾಣ ಮಾನ್‌ಖುರ್ದ್. ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇರುವುದು ಅಲ್ಲಿ. ವಿಜ್ಞಾನ ಒಲಿಂಪಿಯಾಡ್‌ಗಳ ಕೇಂದ್ರವೆಂದು ಇದರ ಹೆಸರು ಪಿಯು ಮಕ್ಕಳಿಗೆ ಗೊತ್ತು. ಬಿಎಸ್ಸಿ ವಿದ್ಯಾರ್ಥಿಗಳಿಗೆಂದೇ 2004ರಿಂದ ಇಲ್ಲಿ 'ನ್ಯಾಷನಲ್ ಇನಿಶಿಯೇಟಿವ್ ಆನ್ ಅಂಡರ್‌ಗ್ರಾಜುಯೇಟ್ ಸೈನ್ಸ್', ಚಿಕ್ಕದಾಗಿ ಎನ್‌ಐಯುಎಸ್, ನಡೆಯುತ್ತಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನದಲ್ಲಿ ಪದವಿಯ ಆರಂಭದ ವರ್ಷಗಳಲ್ಲಿರುವವರನ್ನು ಇಲ್ಲಿ ಆರಿಸುತ್ತಾರೆ. ಮೊದಲು ರಜೆಯಲ್ಲಿ ಶಿಬಿರ, ಅದರಲ್ಲಿ ಆಸಕ್ತಿ ತೋರಿದವರಿಗೆ ವಿಜ್ಞಾನಿಯೊಬ್ಬರ ಜತೆ ಒಂದೆರಡು ವರ್ಷ ಸಾಗುವ ಪ್ರಾಜೆಕ್ಟ್. ಶಿಬಿರದಲ್ಲಿ ಉತ್ತರ ಗೊತ್ತಿರುವ ಪ್ರಯೋಗ ಮಾಡಿಸುವುದು ಕಡಿಮೆ. ಕಾಲೇಜಿನ ಜರ್ನಲ್‌ನಲ್ಲಿ 'ನಿರೀಕ್ಷಿತ ಫಲಿತಾಂಶ' ಬರೆದು ಸಹಿ ಹಾಕಿಸಿಕೊಂಡು ಅಭ್ಯಾಸವಿರುವ ವಿದ್ಯಾರ್ಥಿಗೆ ಮೊದಲ ದಿನ ದಿಕ್ಕು ತಪ್ಪಿದಂತೆ ಆಗುವುದುಂಟು. ಅಳತೆ ಹೊಂದದಿದ್ದರೆ ಯಾಕೆ ಹೊಂದಲಿಲ್ಲ ಎಂದು ಕೇಳುತ್ತಾರೆಯೇ ಹೊರತು ಅಂಕ ಕಳೆಯುವುದಿಲ್ಲ. ವ್ಯಕ್ತಿತ್ವ ಬದಲಾಗುವುದು ಇಲ್ಲಿ. 'ನನಗೆ ಗೊತ್ತಿಲ್ಲ, ಹುಡುಕಿ ನೋಡುತ್ತೇನೆ' ಎಂದು ಹಿಂಜರಿಕೆಯಿಲ್ಲದೆ ಹೇಳುವುದನ್ನು ಕಲಿತವರು ಮುಂದೆ ಕೆಲಸದ ಸಂದರ್ಶನದಲ್ಲೂ ಹಾಗೆಯೇ ಮಾತಾಡುತ್ತಾರೆ.

ಡೊಂಬಿವಲಿ, ಕಲ್ಯಾಣದವರು ಠಾಣೆಯಲ್ಲಿ ಇಳಿದು ಟ್ರಾನ್ಸ್-ಹಾರ್ಬರ್ ರೈಲಿನಲ್ಲಿ ವಾಶಿಗೆ ಬಂದರೆ ಅಲ್ಲಿಂದ ಒಂದೇ ನಿಲ್ದಾಣ. ಕುರ್ಲಾ ಮೂಲಕವೂ ಹೋಗಬಹುದು, ಆದರೆ ಬೆಳಗಿನ ಡೊಂಬಿವಲಿ ಫಾಸ್ಟ್‌ನಲ್ಲಿ ನಿಂತು ಬಂದವರಿಗೆ ಯಾವುದು ವಾಸಿ ಎಂದು ಹೇಳಬೇಕಾಗಿಲ್ಲ.

ಇನ್‌ಸ್ಪೈರ್: 20,000 ರೂ. ಕೈತಪ್ಪುವುದು ಎಲ್ಲಿ?

ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ವಿದ್ಯಾರ್ಥಿವೇತನ, ತಮ್ಮ ಬೋರ್ಡಿನ ಹನ್ನೆರಡನೇ ತರಗತಿ ಪರೀಕ್ಷೆಯಲ್ಲಿ ಮೇಲಿನ ಶೇ. 1ರಲ್ಲಿ ಬಂದು ಮೂಲವಿಜ್ಞಾನ ಓದುವವರಿಗೆ. ಎಂಜಿನಿಯರಿಂಗ್, ವೈದ್ಯಕೀಯದವರಿಗಿಲ್ಲ. ವರ್ಷಕ್ಕೆ 80,000 ರೂ. ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದರಲ್ಲಿ 60,000 ರೂ. ವಿದ್ಯಾರ್ಥಿಗೆ, ಉಳಿದ 20,000 ರೂ. ಬೇಸಿಗೆಯಲ್ಲಿ ಮಾರ್ಗದರ್ಶಕರೊಬ್ಬರ ಬಳಿ ಪ್ರಾಜೆಕ್ಟ್ ಮಾಡುವುದಕ್ಕೆ ಎಂಬ ವಿವರವನ್ನು ಅನೇಕರು ಗಮನಿಸುವುದಿಲ್ಲ. ಪ್ರಾಜೆಕ್ಟ್ ಮಾಡದಿದ್ದರೆ ಆ ಭಾಗ ಇಲ್ಲ. ನಮ್ಮ ದೃಷ್ಟಿಯಲ್ಲಿ ಇಡೀ ಯೋಜನೆಯ ಜೀವ ಇರುವುದು ಆ 20,000ದಲ್ಲೇ.

ಮಾರ್ಗದರ್ಶಕರನ್ನು ಹುಡುಕಲು ದೂರ ಹೋಗಬೇಕಿಲ್ಲ. ಖಾರ್‌ಘರ್‌ನಲ್ಲಿ ಟಾಟಾ ಮೆಮೊರಿಯಲ್ ಸೆಂಟರ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆಕ್‌ಟ್ರೆಕ್ ಇದೆ, ಮಾಟುಂಗಾದಲ್ಲಿ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಇದೆ, ಕಲೀನಾದಲ್ಲಿ ವಿಶ್ವವಿದ್ಯಾಲಯದ ವಿಭಾಗಗಳಿವೆ.

ಬಿಕಾಂ, ಬಿಎ ಓದುವವರಿಗೇನು?

ಇದು ನಿಜವಾದ ಪ್ರಶ್ನೆ. ನಮ್ಮ ಮಕ್ಕಳಲ್ಲಿ ಬಹಳ ಮಂದಿ ಇರುವುದು ವಾಣಿಜ್ಯ ವಿಭಾಗದಲ್ಲಿ. ಹೇಳಿಕೊಳ್ಳುವಂಥ ಕಾರ್ಯಕ್ರಮಗಳೆಲ್ಲ ವಿಜ್ಞಾನಕ್ಕೇ ಎಂಬ ದೂರಿನಲ್ಲಿ ಹುರುಳಿದೆ. ಆದರೂ ಎರಡು ದಾರಿಗಳಿವೆ.

ಮೊದಲನೆಯದು 'ಆವಿಷ್ಕಾರ್'. ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳ ನಡುವೆ ವರ್ಷ ವರ್ಷ ನಡೆಯುವ ಸಂಶೋಧನಾ ಸ್ಪರ್ಧೆ ಇದು. ಇದರ ಆರು ವಿಭಾಗಗಳಲ್ಲಿ ವಾಣಿಜ್ಯ, ನಿರ್ವಹಣೆ, ಕಾನೂನು ಒಂದು. ಮಾನವಿಕ, ಭಾಷೆ, ಲಲಿತಕಲೆ ಇನ್ನೊಂದು. ಪೋಸ್ಟರ್ ಮಾಡಿ ತೀರ್ಪುಗಾರರ ಎದುರು ನಿಂತು ವಿವರಿಸಬೇಕು. ಕಲ್ಯಾಣದ ಸಣ್ಣ ಅಂಗಡಿಗಳಲ್ಲಿ ಯುಪಿಐ ಬಂದ ಮೇಲೆ ಸಾಲದ ಪುಸ್ತಕ ಏನಾಯಿತು ಎಂಬಂಥ ವಿಷಯಕ್ಕೆ ಪ್ರಯೋಗಾಲಯ ಬೇಡ, ಇಪ್ಪತ್ತು ಅಂಗಡಿ ಸುತ್ತುವ ಕಾಲು ಸಾಕು.

ಎರಡನೆಯದು ಹೊಸ ಶಿಕ್ಷಣ ನೀತಿಯ ನಾಲ್ಕನೇ ವರ್ಷ. ಮುಂಬೈ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲಿ ಇದು ಜಾರಿಗೆ ಬಂದಿದ್ದು 2024-25ರಲ್ಲಿ. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು, ನಾಲ್ಕು ವರ್ಷ ಓದಿದರೆ ಆನರ್ಸ್. ಯುಜಿಸಿ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಪಡೆದವರು 'ಸಂಶೋಧನೆ ಸಹಿತ ಆನರ್ಸ್' ಆರಿಸಿ, 12 ಕ್ರೆಡಿಟ್‌ನ ಪ್ರಬಂಧ ಬರೆಯಬಹುದು. ಸಂಶೋಧನಾ ಮಾರ್ಗದರ್ಶನಕ್ಕೆ ಅರ್ಹ ಅಧ್ಯಾಪಕರಿರುವ ವಿಭಾಗಗಳಲ್ಲಿ ಮಾತ್ರ ಇದು ಸಾಧ್ಯ. ಆದ್ದರಿಂದ ಪ್ರವೇಶದ ಹೊತ್ತಿಗೇ ಕಾಲೇಜಿನಲ್ಲಿ ವಿಚಾರಿಸಬೇಕು, ಮೂರನೇ ವರ್ಷದ ಕೊನೆಯಲ್ಲಲ್ಲ.

ವಾಶಿಯ ಕರ್ಮವೀರ ಭಾವುರಾವ್ ಪಾಟೀಲ್ ಕಾಲೇಜಿನ ಹೆಸರು ಇಲ್ಲಿ ಹೇಳಲೇಬೇಕು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದ ಪಾಟೀಲರು 'ದುಡಿ ಮತ್ತು ಕಲಿ' ಪದ್ಧತಿಗೆ ಹೆಸರಾದವರು. ಬಡ ವಿದ್ಯಾರ್ಥಿ ಕೈಚಾಚುವುದು ಬೇಡ, ಕೆಲಸ ಮಾಡಿ ಫೀಸು ಗಳಿಸಲಿ ಎಂಬುದು ಅವರ ನಂಬಿಕೆ. ನಮ್ಮ ರಾತ್ರಿ ಶಾಲೆಯ ಹುಡುಗರೂ ಅದನ್ನೇ ಮಾಡಿದ್ದರು, ಹೆಸರಿಟ್ಟಿರಲಿಲ್ಲ ಅಷ್ಟೆ.

ಹಣದ ನೆರವು, ಮತ್ತು ಒಂದು ತೊಡಕು

ಯಾವ ವಿಷಯ ಓದುವವರಿಗೂ ಸಲ್ಲುವುದು ಕೇಂದ್ರದ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನ. ಬೋರ್ಡಿನಲ್ಲಿ ತಮ್ಮ ವಿಭಾಗದ ಮೇಲಿನ ಶೇ. 20ರೊಳಗೆ ಇರಬೇಕು, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂ. ಮೀರಬಾರದು. ಪದವಿಯಲ್ಲಿ ವರ್ಷಕ್ಕೆ 12,000 ರೂ., ಸ್ನಾತಕೋತ್ತರದಲ್ಲಿ 20,000 ರೂ. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ. ನವೀಕರಣಕ್ಕೆ ಶೇ. 50 ಅಂಕ ಸಾಕು, ಹಾಜರಾತಿ ಮಾತ್ರ ಶೇ. 75 ಬೇಕು. ಹಾಗಾಗಿ ಪಾರ್ಟ್‌ಟೈಂ ಕೆಲಸಕ್ಕೆಂದು ತರಗತಿ ತಪ್ಪಿಸುವ ಮುನ್ನ ಲೆಕ್ಕ ಹಾಕಿ.

ಮಹಾರಾಷ್ಟ್ರ ಸರ್ಕಾರದ ಯೋಜನೆಗಳು ಮಹಾಡಿಬಿಟಿ ಪೋರ್ಟಲ್‌ನಲ್ಲಿವೆ. ಕರ್ನಾಟಕ ಮೂಲದ ಕುಟುಂಬಗಳು ಎಡವುವುದು ಇಲ್ಲಿ. ಊರಿನ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರದ ಮೀಸಲು ಸೌಲಭ್ಯಗಳಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ಮುಂಬೈನ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿ, ಬೇರೆ ರಾಜ್ಯದಿಂದ ಬಂದ ವಿದ್ಯಾರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಕುಟುಂಬ ಮಹಾರಾಷ್ಟ್ರದಲ್ಲಿ ನೆಲೆಸಿದ್ದಕ್ಕೆ ಪರಿಶಿಷ್ಟ ಜಾತಿಯವರು 1950ರ ಆಗಸ್ಟ್ 10ರ ಹಿಂದಿನ, ಹಿಂದುಳಿದ ವರ್ಗದವರು 1967ರ ಅಕ್ಟೋಬರ್ 13ರ ಹಿಂದಿನ ದಾಖಲೆ ತೋರಿಸಬೇಕಾಗುತ್ತದೆ. ಅಜ್ಜನ ಶಾಲಾ ದಾಖಲೆ, ಹಳೆಯ ರೇಷನ್ ಕಾರ್ಡು ಅಟ್ಟದ ಮೇಲಿದ್ದರೆ ಈಗಲೇ ಇಳಿಸಿ. ಜಾತಿ ಕೇಳದ, ಅಂಕ ಮತ್ತು ಆದಾಯ ನೋಡುವ ಯೋಜನೆಗಳಿಗೆ ಈ ತೊಡಕಿಲ್ಲ.

ಶಿಫಾರಸು ಪತ್ರ ಯಾರು ಬರೆಯುತ್ತಾರೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳೊಡನೆ ನಡೆಸುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಸೇರಿದಂತೆ ಇಂಥ ಹಲವು ಅರ್ಜಿಗಳಿಗೆ ಅಂಕಪಟ್ಟಿಯ ಜತೆ ಎರಡು ವಸ್ತು ಬೇಕು: ನೀವೇನು ಮಾಡಬೇಕೆಂದಿದ್ದೀರಿ ಎಂಬ ಸಣ್ಣ ಬರಹ, ನಿಮ್ಮನ್ನು ಬಲ್ಲ ಅಧ್ಯಾಪಕರ ಶಿಫಾರಸು ಪತ್ರ. ಒಳ್ಳೆಯ ಅಂಕವಿದ್ದೂ ವಿದ್ಯಾರ್ಥಿ ಸೋಲುವುದು ಎರಡನೆಯದರಲ್ಲಿ. ಮೂರು ವರ್ಷದಲ್ಲಿ ಒಮ್ಮೆಯೂ ಮಾತಾಡದ ಹುಡುಗಿಯ ಬಗ್ಗೆ ಅಧ್ಯಾಪಕರು 'ಶ್ರದ್ಧಾವಂತೆ' ಎಂದಷ್ಟೇ ಬರೆಯಬಲ್ಲರು. ಮೊದಲ ಸೆಮಿಸ್ಟರ್‌ನಲ್ಲೇ ಒಬ್ಬ ಅಧ್ಯಾಪಕರ ಬಳಿ ಹೋಗಿ, ಪಾಠದಲ್ಲಿ ಅರ್ಥವಾಗದ್ದನ್ನು ಕೇಳಿ. ಸಣ್ಣ ಬರಹವನ್ನು ಜಾಲತಾಣದಿಂದಲೋ ಎಐ ಆ್ಯಪ್‌ನಿಂದಲೋ ಎತ್ತಬೇಡಿ, ಆಯ್ಕೆ ಮಾಡುವವರು ಅದನ್ನು ದಿನವೂ ನೋಡುತ್ತಾರೆ.

ಬೇಸಿಗೆಯ ಕಾರ್ಯಕ್ರಮವಾದರೂ ಅಕಾಡೆಮಿಗಳ ಅರ್ಜಿ ಕರೆಯುವುದು ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿ ಹುಡುಕಲು ಕೂತರೆ ಆ ಹೊತ್ತಿಗೆ ಆಯ್ಕೆಪಟ್ಟಿ ಬಂದಾಗಿರುತ್ತದೆ. ದಿನಾಂಕ, ಅರ್ಹತೆ ಬದಲಾಗುವುದುಂಟು, ಅರ್ಜಿಗೆ ಮುನ್ನ ಆಯಾ ಸಂಸ್ಥೆಯ ಅಧಿಕೃತ ಜಾಲತಾಣ ನೋಡಿಕೊಳ್ಳಿ.