ಪೆರ್ಲದ ಅಡಿಕೆ ಕೃಷಿಕರ ಕಿರುಪ್ರವಾಸಗಳು: ವಿರಾಮದ ಅವಧಿ ಮತ್ತು ಚೇತರಿಕೆ

ವಿರಾಮವನ್ನು ಕುರಿತ ಆಧುನಿಕ ಅಧ್ಯಯನಗಳು ಬಹುಮಟ್ಟಿಗೆ ಸಂಬಳದ ನೌಕರನನ್ನು ಮುಂದಿಟ್ಟುಕೊಂಡು ಬೆಳೆದಿವೆ. ಅಲ್ಲಿ ರಜೆಯೆಂದರೆ ಮಾಲೀಕನು ಮಂಜೂರು ಮಾಡುವ, ವರ್ಷಕ್ಕೆ ಇಷ್ಟು ದಿನವೆಂದು ಲೆಕ್ಕವಿಡಬಹುದಾದ ಹಕ್ಕು. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಗ್ರಾಮ ಪಂಚಾಯತಿಗೆ ಸೇರಿದ ಪೆರ್ಲದ ಸುತ್ತಲಿನ ಅಡಿಕೆ ಕೃಷಿಕರಿಗೆ ಹೀಗೆ ರಜೆ ಕೊಡುವವರಿಲ್ಲ; ತೋಟ, ಹಟ್ಟಿ ಮತ್ತು ಮಳೆ ಬಿಟ್ಟುಕೊಟ್ಟಷ್ಟೇ ಅವರ ಬಿಡುವು. ಆದ್ದರಿಂದ ಇಲ್ಲಿ ರೂಢಿಯಲ್ಲಿರುವ ಒಂದೆರಡು ದಿನಗಳ ಪ್ರವಾಸವನ್ನು ದೀರ್ಘ ರಜೆ ಸಿಗದವರ ಅನಿವಾರ್ಯ ಆಯ್ಕೆಯೆಂದು ಬದಿಗಿಡದೆ, ಚೇತರಿಕೆಯ ಒಂದು ಸ್ವತಂತ್ರ ಕ್ರಮವೆಂದು ಪರಿಶೀಲಿಸುವುದು ಅಗತ್ಯ.

ಅಡಿಕೆಯ ಕೆಲಸ ವರ್ಷಪೂರ್ತಿ ಹರಡಿಕೊಂಡಿದೆ. ಮಳೆಗಾಲ ಹಿಡಿಯುವ ಮೊದಲೇ ಕೊಳೆರೋಗದ ವಿರುದ್ಧ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಬೇಕು, ಸುಮಾರು 40ರಿಂದ 45 ದಿನಗಳ ಅಂತರದಲ್ಲಿ ಅದನ್ನು ಮತ್ತೆ ಮಾಡಬೇಕು. ಮಳೆ ಬಿಡುವು ಕೊಟ್ಟ ದಿನ ಮದ್ದು ಬಿಡುವವರು ಸಿಕ್ಕರೆ ಮನೆಯ ಯಜಮಾನ ಅಲ್ಲಿ ಇರಲೇಬೇಕು. ಮಳೆಗಾಲ ಕಳೆದರೆ ಕೊಯ್ಲು, ಅಂಗಳದಲ್ಲಿ ಒಂದೂವರೆ ತಿಂಗಳಷ್ಟು ಕಾಲ ಒಣಗಿಸುವಿಕೆ, ಸುಲಿತ ಮತ್ತು ಬೇಸಿಗೆಯುದ್ದಕ್ಕೂ ನೀರಾವರಿ ಒಂದರ ಬೆನ್ನಿಗೆ ಒಂದು ಬರುತ್ತವೆ. ಹಟ್ಟಿಯಲ್ಲಿ ಕರೆಯುವ ಹಸುವಿದ್ದರಂತೂ ಬೆಳಗು ಬೈಗಿನ ಎರಡು ಹೊತ್ತೂ ಯಾರಾದರೂ ಮನೆಯಲ್ಲಿರಬೇಕು. ಇಂಥ ಮನೆಯಿಂದ ಹದಿನೈದು ದಿನ ದೂರವಿರುವವನಿಗೆ ಬಾಕಿ ಬಿದ್ದ ಕೆಲಸವೂ, ಕೆಲವೊಮ್ಮೆ ಉದುರಿದ ಅಡಿಕೆಯೂ ಕಾದಿರುತ್ತವೆ.

ಆಯಾಸದ ವಿವರಣೆಗೆ ಸಂಶೋಧಕರು ಹೆಚ್ಚಾಗಿ ಆಧರಿಸುವುದು ಮೈಮನ್ ಮತ್ತು ಮುಲ್ಡರ್ 1998ರಲ್ಲಿ ಮಂಡಿಸಿದ ಶ್ರಮ–ಚೇತರಿಕೆ ಸಿದ್ಧಾಂತವನ್ನು. ಕೆಲಸದ ಹೊರೆಯಿಂದ ದೇಹ ಮತ್ತು ಮನಸ್ಸಿನಲ್ಲಿ ಉಂಟಾಗುವ ಬದಲಾವಣೆಗಳು ಹೊರೆ ಇಳಿದಾಗ ತಾವಾಗಿಯೇ ಮೊದಲಿನ ಸ್ಥಿತಿಗೆ ಮರಳುತ್ತವೆ, ಆದರೆ ಮರಳುವ ಮೊದಲೇ ಹೊಸ ಹೊರೆ ಬಿದ್ದರೆ ಆಯಾಸ ಪದರಪದರವಾಗಿ ಕೂಡಿಕೊಳ್ಳುತ್ತದೆ ಎಂಬುದು ಅದರ ಸಾರ. ಈ ಸಿದ್ಧಾಂತವನ್ನು ಒಪ್ಪಿದರೆ ಹೊರೆ ಒಮ್ಮೆಗೆ ಎಷ್ಟು ದಿನ ಇಳಿಯಿತು ಎಂಬುದಕ್ಕಿಂತ ಎಷ್ಟು ಸಲ ಇಳಿಯಿತು ಎಂಬುದು ಮುಖ್ಯವಾಗುತ್ತದೆ. ನೆದರ್ಲ್ಯಾಂಡ್ಸಿನ ಯೆಸ್ಸಿಕಾ ದ ಬ್ಲೂಮ್ ಮತ್ತು ಸಂಗಡಿಗರ ಎರಡು ಅಧ್ಯಯನಗಳು ಇದಕ್ಕೆ ಪುಷ್ಟಿ ಕೊಡುತ್ತವೆ. ಸರಾಸರಿ 23 ದಿನಗಳ ಬೇಸಿಗೆ ರಜೆಯಲ್ಲಿದ್ದ 54 ನೌಕರರ ಆರೋಗ್ಯ ಮತ್ತು ನೆಮ್ಮದಿ ಎಂಟನೆಯ ದಿನದ ಸುಮಾರಿಗೆ ತುದಿ ಮುಟ್ಟಿ, ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಹಿಂದಿನ ಮಟ್ಟಕ್ಕೆ ಇಳಿದಿತ್ತು. ನಾಲ್ಕೈದು ದಿನಗಳ ರಜೆ ಪಡೆದ 80 ಮಂದಿಯಲ್ಲೂ ಸ್ಪಷ್ಟ ಸುಧಾರಣೆ ಕಂಡು, ಅದೂ ಬೇಗನೆ ಕರಗಿತ್ತು. ರಜೆ ನೀಳವಾದ ಮಾತ್ರಕ್ಕೆ ಅದರ ಫಲ ನೀಳವಾಗದು ಎಂದು ಈ ಎರಡನ್ನೂ ಜೊತೆಗಿಟ್ಟು ಹೇಳಬಹುದು.

ಇದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯವನ್ನೂ ಗಮನಿಸಬೇಕು. ಹೆಲ್ಸಿಂಕಿಯಲ್ಲಿ 1970ರ ದಶಕದಲ್ಲಿ ಆರಂಭವಾದ, 1,222 ಪುರುಷ ಅಧಿಕಾರಿಗಳನ್ನು ಒಳಗೊಂಡ ಅಧ್ಯಯನದಲ್ಲಿ, ಆರೋಗ್ಯ ಸಲಹೆ ಪಡೆದ ಗುಂಪಿನೊಳಗೆ ವರ್ಷಕ್ಕೆ ಮೂರು ವಾರ ಅಥವಾ ಅದಕ್ಕಿಂತ ಕಡಿಮೆ ರಜೆ ಪಡೆದವರ ಮರಣಪ್ರಮಾಣ ಉಳಿದವರಿಗಿಂತ ಶೇಕಡಾ 37ರಷ್ಟು ಹೆಚ್ಚಿತ್ತು. ಅದು ವರ್ಷದ ಒಟ್ಟು ರಜೆಯ ಲೆಕ್ಕವೇ ಹೊರತು ಒಂದು ಪ್ರವಾಸದ ಉದ್ದದ ಲೆಕ್ಕವಲ್ಲ. ಆದರೂ ಕಿರುಪ್ರವಾಸವನ್ನು ಹೊಗಳುವ ಭರದಲ್ಲಿ ಒಟ್ಟು ವಿಶ್ರಾಂತಿಯನ್ನೇ ಕುಗ್ಗಿಸುವುದು ಅಪಾಯಕರವೆಂಬ ಎಚ್ಚರಿಕೆ ಅದರಲ್ಲಿದೆ.

ಪೆರ್ಲದ ಕಡೆಯ ಕಿರುಪ್ರವಾಸಕ್ಕೆ ತನ್ನದೇ ಪಂಚಾಂಗವಿದೆ. ಮಕರ ಸಂಕ್ರಮಣದ ಹೊತ್ತಿನ ಕುಂಬಳೆ ಜಾತ್ರೆ, ಏಪ್ರಿಲ್‌ನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ, ನೇಮ–ಕೋಲಗಳು ಮತ್ತು ಯಕ್ಷಗಾನ ಮೇಳಗಳ ತಿರುಗಾಟ ಇವೆಲ್ಲ ತುಳು ತಿಂಗಳು ಬೇಶದ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ, ಮುಗಿಯುತ್ತವೆ; ಆಮೇಲೆ ಮಳೆ ಮತ್ತು ಮದ್ದಿನ ಕಾಲ. ಚೆರ್ಕಳ–ಕಲ್ಲಡ್ಕ ರಸ್ತೆ ಪೆರ್ಲದ ಮೂಲಕವೇ ಹಾದುಹೋಗುವುದರಿಂದ ಬದಿಯಡ್ಕ, ವಿಟ್ಲ, ಪುತ್ತೂರುಗಳು ಹೋಗಿ ಬರುವ ಅಳತೆಯಲ್ಲಿವೆ. ಅನಂತಪುರದ ಕೆರೆ ದೇವಾಲಯಕ್ಕೋ ಬೇಕಲ ಕೋಟೆಗೋ ಹೋದವರು ರಾತ್ರಿಯೂಟಕ್ಕೆ ಮನೆಯಲ್ಲಿರಬಹುದು. ಗಡಿಯ ಆಚೀಚೆಯ ಶಾಲಾ ರಜೆಗಳು ಹೊಂದದಿರುವುದೂ ಪ್ರವಾಸವನ್ನು ಕಿರಿದಾಗಿಸಿದೆ: ಕೇರಳದ ಮಕ್ಕಳಿಗೆ ಓಣಂ ರಜೆ ಬಂದಾಗ ಕರ್ನಾಟಕದ ನೆಂಟರ ಮಕ್ಕಳು ಶಾಲೆಯಲ್ಲಿರುತ್ತಾರೆ, ಅವರಿಗೆ ದಸರಾ ರಜೆ ಬಂದಾಗ ಇಲ್ಲಿ ತರಗತಿಗಳು ನಡೆಯುತ್ತಿರುತ್ತವೆ. ಈಚಿನ ವರ್ಷಗಳಲ್ಲಿ ಕೆಲವು ಮೇಳಗಳು ರಾತ್ರಿಯಿಡೀ ಆಡುವ ಬದಲು ಕಾಲಮಿತಿಯ ಪ್ರದರ್ಶನಕ್ಕೆ ಹೊರಳಿರುವುದರಿಂದ ಆಟ ನೋಡಿ ಬಂದವರು ನಿದ್ದೆ ಮಾಡಿಯೇ ಬೆಳಗಿನ ಹಾಲು ಕರೆಯಬಹುದಾಗಿದೆ.

ಆದರೆ ದೂರ ಹೋದ ಮಾತ್ರಕ್ಕೆ ಮನಸ್ಸು ಬಿಡುವಾಗುವುದಿಲ್ಲ. ಸಬೀನೆ ಸೊನ್ನೆನ್‌ಟಾಗ್ ಮತ್ತು ಷಾರ್ಲೆಟ್ ಫ್ರಿಟ್ಸ್ 2007ರಲ್ಲಿ ಚೇತರಿಕೆಯ ಅನುಭವಗಳನ್ನು ನಾಲ್ಕಾಗಿ ವಿಂಗಡಿಸಿದಾಗ ಮೊದಲು ಹೆಸರಿಸಿದ್ದು ಮಾನಸಿಕ ಬಿಡುಗಡೆಯನ್ನು, ಅಂದರೆ ಕೆಲಸದ ಯೋಚನೆಯಿಂದಲೂ ದೂರವಾಗುವ ಸ್ಥಿತಿಯನ್ನು. ಕೃಷಿಕನಿಗೆ ಈ ಬಿಡುಗಡೆಯನ್ನು ದೊರಕಿಸಿಕೊಡುವವರು ನೆರೆಹೊರೆಯವರು. ಹೊರಡುವ ಮುನ್ನಾದಿನ ಹಟ್ಟಿಗೆ ಹುಲ್ಲು ತಂದು ಹಾಕಿ, ಹಿಂಡಿಯನ್ನು ಅಳೆದಿಟ್ಟು, ತೋಟದ ಯಾವ ಭಾಗಕ್ಕೆ ನೀರು ತಿರುಗಿಸಬೇಕೆಂದು ಹೇಳಿ, ಮೋಡ ಕವಿದರೆ ಅಂಗಳದ ಅಡಿಕೆಗೆ ಟರ್ಪಾಲು ಮುಚ್ಚಲು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗುವ ಕ್ರಮವಿದೆ. ಮುಂದಿನ ಸಲ ಅವರು ಹೊರಟಾಗ ಇವರು ಅದನ್ನೇ ಮಾಡಿಕೊಡುತ್ತಾರೆ. ಒಂದೆರಡು ದಿನಗಳ ಮಟ್ಟಿಗೆ ಈ ಋಣ ಯಾರಿಗೂ ಭಾರವಲ್ಲ, ಎರಡು ವಾರಗಳ ಮಟ್ಟಿಗೆ ಅದನ್ನು ಕೇಳುವುದೇ ಸಂಕೋಚ. ಕಿರುಪ್ರವಾಸದ ಬಲ ಬಹುಶಃ ಇಲ್ಲಿಯೇ ಹೆಚ್ಚು ಅಡಗಿದೆ.

ಕಾಶಿ, ರಾಮೇಶ್ವರದಂಥ ದೀರ್ಘಯಾತ್ರೆಗಳ ಮೌಲ್ಯ ಬೇರೆಯದು. ಅವು ದಣಿವಾರಿಸಲು ಕೈಗೊಳ್ಳುವಂಥವಲ್ಲ. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿ, ಹಿರಿಯರಿಬ್ಬರೇ ಉಳಿದ ಮನೆಗಳಲ್ಲಿ ಕಿರುಪ್ರವಾಸವೂ ಕಷ್ಟವಾಗುತ್ತದೆ, ಏಕೆಂದರೆ ಒಬ್ಬರು ಹೊರಟರೆ ಇನ್ನೊಬ್ಬರು ಉಳಿಯಬೇಕು, ಮತ್ತು ಉಳಿಯುವುದು ಸಾಮಾನ್ಯವಾಗಿ ಹಾಲು ಕರೆಯುವ ಹೆಂಗಸು. ಆದ್ದರಿಂದ ಈ ಪ್ರದೇಶದಲ್ಲಿ ವಿರಾಮವನ್ನು ಅಳೆಯಹೊರಡುವ ಅಧ್ಯಯನವು ಪ್ರವಾಸದ ದಿನಗಳನ್ನು ಎಣಿಸುವ ಮೊದಲು, ಅದೇ ದಿನಗಳಲ್ಲಿ ಹಟ್ಟಿಯ ಕೆಲಸಕ್ಕೆ ನಿಂತವರು ಯಾರು, ಅವರ ಸರದಿ ಯಾವಾಗ ಬಂತು ಎಂಬುದನ್ನು ದಾಖಲಿಸಬೇಕಾಗುತ್ತದೆ.